ಲಿಫ್ಟ್-ಆಫ್: ವೇಫರ್ ಮೇಲೆ ಚಿನ್ನದ ಗೆರೆ ಚೊಕ್ಕವಾಗಿ ಮೂಡಿಸುವ ಬಗೆ

ಲಿಫ್ಟ್-ಆಫ್‌ನಲ್ಲಿ ವೇಫರ್ (ಚಿಪ್ ತಯಾರಿಸುವ ತೆಳು ಬಿಲ್ಲೆ) ಮೇಲೆ ಬಳಿದು ವಿನ್ಯಾಸ ಮೂಡಿಸಿದ ರೆಸಿಸ್ಟ್ (ಬೆಳಕಿಗೆ ಸ್ಪಂದಿಸುವ ರಾಳದ ಪದರ) ಮೇಲೆ ಲೋಹ ಕೂರಿಸಿ, ಆಮೇಲೆ ರೆಸಿಸ್ಟ್ ಕರಗಿಸಿದರೆ ಬೇಡದ ಲೋಹ ಅದರ ಜೊತೆಗೇ ಹೋಗುತ್ತದೆ. ಇದು ಕೈಗೂಡಬೇಕಾದರೆ ರೆಸಿಸ್ಟ್ ಅಂಚಿನ ಮೇಲ್ತುದಿ ಮುಂದಕ್ಕೆ ಚಾಚಿ, ಬುಡ ಹಿಂದಕ್ಕೆ ಸರಿದಿರಲೇಬೇಕು. ಅಂಚು ಇಳಿಜಾರಾಗಿದ್ದರೆ ಲೋಹ ಗೋಡೆಗೂ ಹತ್ತಿ, ಕೊನೆಗೆ ಗೆರೆಯ ಬದಿಯಲ್ಲಿ ಹರಿದ ಚೂರುಗಳು ಎದ್ದು ನಿಲ್ಲುತ್ತವೆ.

ಎಝಡ್ 5214ಇ ರೆಸಿಸ್ಟ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮಾಸ್ಕ್‌ನಲ್ಲಿ (ಬೆಳಕನ್ನು ಅಲ್ಲಲ್ಲಿ ತಡೆಯುವ ಗಾಜಿನ ಫಲಕ) ಲೋಹ ಬೇಕಾದ ಜಾಗ ಕಪ್ಪಾಗಿರಲಿ. ವೇಫರನ್ನು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ ಒಣಗಿಸಿ, ಆರಿಸಿ, ರೆಸಿಸ್ಟ್ ಸುರಿದು 4000 ಆರ್‌ಪಿಎಂನಲ್ಲಿ ಸ್ಪಿನ್ ಮಾಡಿದರೆ ಸುಮಾರು 1.4 ಮೈಕ್ರಾನ್ ಪದರ ಸಿಗುತ್ತದೆ. 110 ಡಿಗ್ರಿಯಲ್ಲಿ ಒಂದು ನಿಮಿಷ ಬೇಯಿಸಿ ಮಾಸ್ಕ್ ಮೂಲಕ ಬೆಳಕು ಕೊಡಿ. ಇಲ್ಲಿ ಬೆಳಕು ತುಸು ಕಡಿಮೆಯಾದರೆ ಬುಡಕ್ಕೆ ಕಡಿಮೆ ತಲುಪಿ, ಅಂಚು ಹೆಚ್ಚು ಒಳಸರಿಯುತ್ತದೆ. ತೀರಾ ಕಡಿಮೆಯಾದರೆ ರೆಸಿಸ್ಟೇ ಕಿತ್ತುಬರುತ್ತದೆ.

ಮುಂದಿನ ಎರಡನೇ ಬೇಯಿಸುವಿಕೆ, ಅಂದರೆ ರಿವರ್ಸಲ್ ಬೇಕ್‌ನಲ್ಲೇ ಹೆಚ್ಚಿನ ಕೆಲಸ ಕೆಡುವುದು. 120 ಡಿಗ್ರಿ, ಎರಡು ನಿಮಿಷ. ಬೆಳಕು ಬಿದ್ದ ಭಾಗ ಈಗ ಗಟ್ಟಿಯಾಗುತ್ತದೆ. ಶಾಖ ಸಾಲದಿದ್ದರೆ ರೆಸಿಸ್ಟ್ ಕರಗಿಸುವ ದ್ರವವಾದ ಡೆವಲಪರ್‌ನಲ್ಲಿ ಎಲ್ಲವೂ ತೊಳೆದುಹೋಗುತ್ತದೆ. 130 ದಾಟಿದರೆ ಬೆಳಕು ಬೀಳದ ಭಾಗವೂ ಗಟ್ಟಿಯಾಗಿ ಏನೂ ತೆರೆಯುವುದಿಲ್ಲ. ಒಂದು ಡಿಗ್ರಿಯ ಏರುಪೇರೂ ಅಂಚಿನಲ್ಲಿ ಕಾಣುತ್ತದೆ. ಹಾಟ್ ಪ್ಲೇಟ್‌ನ ಅಂಕಿಯನ್ನು ನಂಬಬೇಡಿ, ಮೇಲ್ಮೈ ಶಾಖವನ್ನೇ ಥರ್ಮೋಕಪಲ್‌ನಿಂದ ಅಳೆಯಿರಿ. ಬಳಿಕ ಮಾಸ್ಕ್ ಇಲ್ಲದೆ ಇಡೀ ವೇಫರ್‌ಗೆ ಚದರ ಸೆಂಟಿಮೀಟರಿಗೆ 200 ಮಿಲಿಜೂಲ್‌ಗಿಂತ ಹೆಚ್ಚು ಬೆಳಕು ಕೊಟ್ಟು ಡೆವಲಪ್ ಮಾಡಿ, ಗಟ್ಟಿಯಾಗದ ಭಾಗ ಕರಗಿ ಲೋಹಕ್ಕೆ ಜಾಗ ತೆರೆಯುತ್ತದೆ.

ತಳದಲ್ಲಿ ಉಳಿದ ತೆಳು ರೆಸಿಸ್ಟನ್ನು ಆಮ್ಲಜನಕ ಪ್ಲಾಸ್ಮಾದಲ್ಲಿ ಅರ್ಧ ನಿಮಿಷ ತೆಗೆಯಿರಿ, ಇಲ್ಲವಾದರೆ ಗೆರೆಯೇ ಸಿಪ್ಪೆಯಂತೆ ಏಳುತ್ತದೆ. 10 ನ್ಯಾನೋಮೀಟರ್ ಟೈಟಾನಿಯಂ ಹಿಡಿತಕ್ಕೆ, ಅದರ ಮೇಲೆ 100 ನ್ಯಾನೋಮೀಟರ್ ಚಿನ್ನ, ನಡುವೆ ನಿರ್ವಾತ ಚೇಂಬರ್ ತೆರೆಯಬಾರದು. ಲೋಹದ ಒಟ್ಟು ದಪ್ಪ ರೆಸಿಸ್ಟ್‌ನ ಮೂರನೇ ಒಂದು ಭಾಗ ಮೀರದಿರಲಿ. ಇ-ಬೀಮ್ ಎವಾಪರೇಶನ್ (ಎಲೆಕ್ಟ್ರಾನ್ ಕಿರಣದಿಂದ ಲೋಹವನ್ನು ಆವಿ ಮಾಡಿ ಕೂರಿಸುವುದು) ಬಳಸಿ: ಆವಿ ನೇರವಾಗಿ ಬಂದು ಬೀಳುತ್ತದೆ. ಸ್ಪಟರಿಂಗ್‌ನಲ್ಲಿ (ಅಯಾನುಗಳನ್ನು ಬಡಿಸಿ ಲೋಹ ಚಿಮ್ಮಿಸುವ ವಿಧಾನ) ಪರಮಾಣುಗಳು ಎಲ್ಲ ದಿಕ್ಕಿನಿಂದಲೂ ಬಂದು ಗೋಡೆಗೂ ಮೆತ್ತುತ್ತವೆ.

ಅಸಿಟೋನ್‌ನಲ್ಲಿ ಕೆಲವು ಗಂಟೆ ನೆನೆಯಲು ಬಿಡಿ. ಬಿಸಿ ಮಾಡಬೇಡಿ, ಕಿಡಿ ತಗುಲಿದರೆ ಅದರ ಆವಿಗೆ ಕೋಣೆಯ ಶಾಖದಲ್ಲೇ ಬೆಂಕಿ ಹತ್ತಬಲ್ಲದು. ಚಿನ್ನ ಸುಕ್ಕುಗಟ್ಟಿ ಮೇಲೆದ್ದ ಮೇಲೆ ಅಸಿಟೋನ್ ಚಿಮ್ಮಿಸಿ ತೊಳೆಯಿರಿ. ವೇಫರ್ ಒದ್ದೆಯಿರುವಾಗಲೇ ಹೊಸ ದ್ರವದಲ್ಲಿ ಮುಳುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಒಮ್ಮೆ ಒಣಗಿದರೆ ಬಿದ್ದ ಚೂರುಗಳು ಮತ್ತೆ ಬಿಡುವುದಿಲ್ಲ. ಸ್ವಚ್ಛವೆನಿಸಿದ ಮೇಲಷ್ಟೇ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೊಹಾಲ್) ತೊಳೆದು ನೈಟ್ರೋಜನ್ ಊದಿ ಒಣಗಿಸಿ.