‘ಸೌಲಭ್ಯ ಇಲ್ಲ’ ಅಂತ ಬರೆದು ಕೊಡ್ತೀರಾ?

ಶಿವಮೊಗ್ಗದಲ್ಲಿ ವಕೀಲಿಕೆ ಮಾಡುತ್ತೇನೆ, ಜಿಲ್ಲೆಯ ಕೆಲವು ಖಾಸಗಿ ಶಾಲೆಗಳಿಗೆ ಸಲಹೆಯನ್ನೂ ಕೊಡುತ್ತೇನೆ. ತಾರತಮ್ಯದ ವಿಷಯಕ್ಕೆ ಫೋನ್ ಬರುವುದು ಜಾಸ್ತಿ ದಾಖಲಾತಿ ಹೊತ್ತಿನಲ್ಲಿ. ಅಂಗವೈಕಲ್ಯ ಇರುವ ಮಗು ಬಂದರೆ, ಈ ಮಗು ಬೇಡ ಅಂತ ಯಾರೂ ನೇರವಾಗಿ ಹೇಳುವುದಿಲ್ಲ. "ಸೇರಿಸ್ಕೊಳ್ಳೋಕೆ ನಮಗೇನಿಲ್ಲ ಮಾರಾಯ್ರೇ, ಆದ್ರೆ ನಮ್ಮಲ್ಲಿ ಸೌಲಭ್ಯ ಇಲ್ಲ, ಮಗುವಿಗೇ ಕಷ್ಟ ಆಗುತ್ತೆ" ಅನ್ನುತ್ತಾರೆ. ಹಾಗಾದ್ರೆ ಇದನ್ನೇ ಲೆಟರ್‌ಹೆಡ್‌ನಲ್ಲಿ ಬರೆದು, ಸೀಲು ಹಾಕಿ ಪೋಷಕರಿಗೆ ಕೊಡ್ತೀರಾ ಅಂತ ಕೇಳುತ್ತೇನೆ. ಕೊಟ್ಟವರನ್ನು ನಾನಿನ್ನೂ ನೋಡಿಲ್ಲ.

ಕಾನೂನು ಆಮೇಲೆ ಹೇಳಿದರೂ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡದೇ ಇರುವುದೂ ತಾರತಮ್ಯವೇ. ಶಾಲೆ ಹೊರಲಾಗದಷ್ಟು ಹೊರೆ ಹೊರಬೇಕು ಅಂತ ಮಾತ್ರ ಅದು ಹೇಳುವುದಿಲ್ಲ. ಆದರೆ ಹೊಂದಾಣಿಕೆ ಅಂದ ಕೂಡಲೇ ಆಡಳಿತ ಮಂಡಳಿಯವರಿಗೆ ಕಾಣುವುದು ಲಕ್ಷಗಟ್ಟಲೆ ಖರ್ಚು. ಆಗುಂಬೆ ಕಡೆಯ ಒಂದು ಶಾಲೆಯಲ್ಲಿ ವೀಲ್‌ಚೇರ್ ಬಳಸುವ ಹುಡುಗಿ ಏಳನೇ ಕ್ಲಾಸಿಗೆ ಬಂದಳು, ಏಳನೇ ಕ್ಲಾಸು ಮಹಡಿ ಮೇಲಿತ್ತು. ಅವರು ಲಿಫ್ಟಿನ ರೇಟು ವಿಚಾರಿಸಿ ಕೈಚೆಲ್ಲಿ ಕೂತಿದ್ದರು. ಏಳನೇ ಕ್ಲಾಸನ್ನೇ ಕೆಳಗೆ ತನ್ನಿ, ಕೆಳಗಿರುವ ಕ್ಲಾಸು ಮೇಲೆ ಹೋಗಲಿ ಅಂದೆ. ಅಷ್ಟೇ. ಇನ್ನು ಉಳಿದದ್ದು ಜಗಲಿಗೆ ಹತ್ತಲು ಇಳಿಜಾರು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನುವುದು ಲೆಕ್ಕ, ಜಗಲಿ ಒಂದೂವರೆ ಅಡಿ, ಹಾಗಾಗಿ 18 ಅಡಿ ಬೇಕಾಯಿತು. ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ನುಣ್ಣಗೆ ಸಿಮೆಂಟು ಬಳಿದರೆ ಆಷಾಢದ ಹೊತ್ತಿಗೆ ಪಾಚಿ ಕಟ್ಟಿ ಆಳೇ ಜಾರಿ ಬೀಳುತ್ತಾನೆ, ಗೀರು ಹಾಕಿಸಿ, ಪಕ್ಕಕ್ಕೆ ಕಂಬಿ ಹಿಡಿಸಲೇಬೇಕು. ಇದು ಯಾವ ಕಾಯ್ದೆಯಲ್ಲೂ ಇಲ್ಲ, ಮಳೆ ಕಲಿಸಿದ್ದು.

ಸೇರಿಸಿಕೊಳ್ಳುವ ಮುಂಚೆ ಮಗುವಿಗೆ ಟೆಸ್ಟು, ಅಪ್ಪ ಅಮ್ಮನಿಗೆ ಇಂಗ್ಲಿಷ್ ಬರುತ್ತಾ ಅನ್ನುವ ಇಂಟರ್‌ವ್ಯೂ, ಇವೆರಡನ್ನೂ ನಿಲ್ಲಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಸೆಕ್ಷನ್ ಪ್ರಕಾರ ಮೊದಲ ಸಲ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲ 50,000ದವರೆಗೆ. ದುಡ್ಡಿನ ಮಾತು ಬೇಗ ತಲೆಗೆ ಹೋಗುತ್ತದೆ.

ನಿಜವಾದ ತಲೆನೋವು ಜಾತಿಯದ್ದು. ಒಂದು ಶಾಲೆಯಲ್ಲಿ ಟೀಚರ್ ಒಬ್ಬರು ದಲಿತ ಹುಡುಗನನ್ನು ಕ್ಲಾಸಿನಲ್ಲೇ ಜಾತಿ ಹಿಡಿದು ಬೈದಿದ್ದಾರೆ ಅಂತ ದೂರು ಬಂತು. ಆಡಳಿತ ಮಂಡಳಿಯ ಅಧ್ಯಕ್ಷರು ಫೋನ್ ಮಾಡಿ, ಸಂಜೆ ಅವನಪ್ಪನನ್ನು ಮನೆಗೆ ಕರೆಸಿ ಮಾತಾಡಿ ಮುಗಿಸ್ತೀನಿ, ಬೇಕಾದ್ರೆ ಹುಡುಗನನ್ನು ಬಿ ಸೆಕ್ಷನ್‌ಗೆ ಹಾಕ್ತೀವಿ ಅಂದರು. ಆ ಅಪ್ಪ ಇದೇ ಅಧ್ಯಕ್ಷರ ಅಡಿಕೆ ತೋಟಕ್ಕೆ ಕೆಲಸಕ್ಕೆ ಹೋಗುವವರು. ಅವರು "ಆಗಲ್ಲ" ಅನ್ನೋದು ಹೇಗೆ? ಮಲೆನಾಡಿನ ಊರುಗಳಲ್ಲಿ ರಾಜಿ ಅಂದರೆ ಎಷ್ಟೋ ಸಲ ಇದೇ, ಅಲ್ವಾ?

ನಾನು ಬೇಡ ಅಂದೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆಯೇ ಬೇಕಿಲ್ಲ, ಬಂಧನಕ್ಕೆ ಮುಂಚೆಯೇ ಪಡೆಯುವ ನಿರೀಕ್ಷಣಾ ಜಾಮೀನಿಗೂ ಆ ಕಾಯ್ದೆ ಅಡ್ಡ ಇದೆ. ನಾಳೆ ಆ ಅಪ್ಪ ಠಾಣೆಗೆ ಹೋದರೆ ಈ ಸಂಜೆಯ ಮಾತುಕತೆಯೇ ಬೆದರಿಕೆ ಅನ್ನಿಸಿಕೊಳ್ಳುತ್ತದೆ. ದೂರಿಗೆ ತಾರೀಕು ಹಾಕಿ ಸ್ವೀಕೃತಿ ಕೊಡಿ, ವಿಚಾರಣೆ ಮುಗಿಯೋ ತನಕ ಟೀಚರನ್ನು ಆ ಕ್ಲಾಸಿನಿಂದ ದೂರ ಇಡಿ, ಹುಡುಗ ಎಲ್ಲಿದ್ದಾನೋ ಅಲ್ಲೇ ಇರಲಿ. ಅವನನ್ನು ಒಬ್ಬೊಬ್ಬರೇ ಕರೆದು ಮತ್ತೆ ಮತ್ತೆ ಕೇಳಬೇಡಿ, ತಾಯಿಯನ್ನು ಪಕ್ಕದಲ್ಲಿ ಕೂರಿಸಿ ಒಂದೇ ಸಲ ಕೇಳಿ, ಬರೆದುಕೊಳ್ಳಿ. ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ಪತ್ರ ನಾನೇ ಬರೆದು ಕೊಡ್ತೀನಿ ಅಂದೆ. ಟಿಸಿ ಕೊಟ್ಟು ಕಳಿಸೋಣ ಅನ್ನುವ ಮಾತೂ ಬಂತು. ಎಂಟನೇ ಕ್ಲಾಸು ಮುಗಿಯುವ ತನಕ ಮಗುವನ್ನು ಹೊರಗೆ ಹಾಕುವ ಹಾಗಿಲ್ಲ ಅಂತ ಆರ್‌ಟಿಇ 16ನೇ ಸೆಕ್ಷನ್ನಿನಲ್ಲಿದೆ, ಅಲ್ಲಿಗೆ ಅದೂ ನಿಂತಿತು.

"ನೀವು ನಮ್ಮ ವಕೀಲ್ರಾ, ಅವರ ವಕೀಲ್ರಾ?" ಅಂತ ಅಧ್ಯಕ್ಷರು ಸಿಟ್ಟಾದರು. ಮುಂದಿನ ವರ್ಷ ಬೇರೆ ವಕೀಲರನ್ನು ಹಿಡಿದರು. ವಿಚಾರಣೆಯ ಕಾಗದ ಮಾತ್ರ ಅಷ್ಟರಲ್ಲಿ ಬಿಇಒ ಆಫೀಸು ಸೇರಿತ್ತು.