ಸಂಗಾತಿ ಹುಡುಕುವ ಸಲಹೆಗಳಲ್ಲಿ ನಿಮಗೆ ಹೊಂದುವುದನ್ನು ಆರಿಸಿಕೊಳ್ಳುವುದು ಹೇಗೆ?

ಧೈರ್ಯವಾಗಿರಿ, ಹೊರಗೆ ಹೋಗಿ ಹತ್ತು ಜನರ ಜೊತೆ ಬೆರೆಯಿರಿ, ಇಷ್ಟವಾದವರ ಹತ್ತಿರ ನೇರವಾಗಿ ಹೋಗಿ ಮಾತಾಡಿ. ಸಂಗಾತಿ ಹುಡುಕುವವರಿಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಇಷ್ಟೇ. ಕೇಳೋಕೆ ಎಲ್ಲವೂ ಸರಿ. ಆದರೆ ಹಾಗೆಲ್ಲ ಮಾಡಿಯೂ ಏನೂ ಆಗದಿದ್ದಾಗ ನಮ್ಮ ಕರಾವಳಿಯ ಹುಡುಗ ಹುಡುಗಿಯರು ತಮ್ಮಲ್ಲೇ ಏನೋ ಕೊರತೆ ಇದೆ ಅಂತ ಕೊರಗುತ್ತಾರೆ. ಅದನ್ನು ನೋಡೋಕೆ ಆಗಲ್ಲ. ತುಂಬಾ ಸಲ ಕೊರತೆ ಇರುವುದು ಸಲಹೆಯಲ್ಲೇ.

ಹಾಗಾಗಿ ಮೊದಲು ಕೇಳಿಕೊಳ್ಳಿ: ಇದನ್ನು ಹೇಳಿದವರ ಕಣ್ಣ ಮುಂದೆ ಯಾರಿದ್ದರು? ಸ್ವಂತ ರೂಮು, ಸಂಜೆ ಬಿಡುವು, ಕೈಯಲ್ಲಿ ಒಂದಿಷ್ಟು ಕಾಸು, ಯಾರ ಜೊತೆ ಕೂತರೂ ಯಾರೂ ಕೇಳದ ಊರು, ಇಷ್ಟೆಲ್ಲ ಇದ್ದವರೇ ಇರಬೇಕು. 'ಸಂಶೋಧನೆ ಹೇಳುತ್ತದೆ' ಅಂದರೂ ಸ್ವಲ್ಪ ತಡೆಯಿರಿ. ಮನಃಶಾಸ್ತ್ರದ ಪ್ರಯೋಗಗಳಲ್ಲಿ ಭಾಗವಹಿಸಿದವರು ಬಹುಪಾಲು ಪಾಶ್ಚಾತ್ಯ ದೇಶಗಳ ಓದಿದ, ಅನುಕೂಲಸ್ಥ ಜನ, ಅವರನ್ನು ನೋಡಿ ಎಲ್ಲ ಮನುಷ್ಯರೂ ಹೀಗೇ ಎನ್ನಲಾಗದು ಎಂದು ಸಂಶೋಧಕ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲೇ ತೋರಿಸಿದ್ದಾರೆ.

ಆಮೇಲೆ ಸಲಹೆಯನ್ನು ನಿಮ್ಮ ದಿನಚರಿಗೆ ಹಿಡಿದು ನೋಡಿ. ಮಲ್ಪೆಯಿಂದ ಆಳಸಮುದ್ರದ ಬೋಟಿಗೆ ಹೋಗುವ ಹುಡುಗ ಒಮ್ಮೆ ಹೊರಟರೆ ಎಷ್ಟೋ ದಿನ ನೀರಿನ ಮೇಲೆಯೇ, ಅಲ್ಲಿ ಸಿಗ್ನಲ್ ಇಲ್ಲ. 'ಒಂದು ದಿನವೂ ತಪ್ಪದೆ ಮೆಸೇಜ್ ಮಾಡಿ' ಅಂದರೆ ಅವನೇನು ಮಾಡಬೇಕು? ಅವನಿಗೆ ಬೇಕಾದದ್ದು ಬೇರೆ. ಹೊರಡುವ ಮುಂಚೆಯೇ 'ಇಂಥ ದಿನದವರೆಗೆ ನಾನು ಸಿಗಲ್ಲ, ಬಂದರಿಗೆ ಬಂದ ಕೂಡಲೇ ಫೋನ್ ಮಾಡ್ತೇನೆ' ಎಂದು ಹೇಳಿ, ಹೇಳಿದ ಹಾಗೆ ಮಾಡುವುದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಎದುರು ಕೂತು ಮಾತಾಡೋಕೆ ಆ 61 ದಿನ ಇದೆ. ಮಂಗಳೂರಿನ ಕಂಕನಾಡಿಯಲ್ಲಿ ನರ್ಸ್ ಆಗಿ ಹಾಸ್ಟೆಲಿನಲ್ಲಿರುವ ಹುಡುಗಿಗೆ ರಾತ್ರಿ ಊಟಕ್ಕೆ ಕರೆಯುವುದಕ್ಕಿಂತ ನೈಟ್ ಡ್ಯೂಟಿ ಮುಗಿದ ಬೆಳಿಗ್ಗೆ ಬನ್ಸು, ಚಹಾ ವಾಸಿ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೋಕೆ ಆಗದವರು ಜೊತೆಯಲ್ಲಿ ನಡೆಯುತ್ತಾ ಮಾತಾಡಲಿ, ಅದರಲ್ಲಿ ತಪ್ಪೇನೂ ಇಲ್ಲ.

ಜಾಗದ ವಿಷಯವನ್ನು ಹೊರಗಿನ ಸಲಹೆಗಳು ಹೇಳುವುದೇ ಇಲ್ಲ. ಮಂಗಳೂರಿನಲ್ಲಿ ಸಂಸ್ಕೃತಿ ಕಾಯುತ್ತೇವೆ ಎನ್ನುವ ಗುಂಪಿನವರು 2009ರ ಜನವರಿಯಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದರು, 2012ರ ಜುಲೈನಲ್ಲಿ ಪಡೀಲಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದವರ ಮೇಲೆ ಕೈ ಮಾಡಿದರು. ತಪ್ಪು ಹೊಡೆದವರದ್ದು, ಇದರಲ್ಲಿ ಎರಡು ಮಾತಿಲ್ಲ. ಆದರೂ ಬೇರೆ ಬೇರೆ ಧರ್ಮದ ಇಬ್ಬರಿಗೆ 'ಬೀಚಿಗೆ ಹೋಗಿ ಸುಮ್ನೆ ಕೂತ್ಕೊಳ್ಳಿ' ಎಂದು ನಾನು ಹಗುರವಾಗಿ ಹೇಳಲಾರೆ. ಹಗಲು ಹೊತ್ತು, ಜನ ಓಡಾಡುವ ಜಾಗ ನೋಡಿ. ಒಬ್ಬ ಗೆಳತಿಗೋ ಅಕ್ಕನಿಗೋ ಗೊತ್ತಿರಲಿ. ಯಾರಾದರೂ ಅಡ್ಡಗಟ್ಟಿದರೆ 112ಕ್ಕೆ ಫೋನ್ ಮಾಡಿ.

'ಶುರುವಿನಲ್ಲೇ ಮನೆಯವರ ಮಾತು ಎತ್ತಬೇಡಿ' ಎನ್ನುವುದೂ ನಮ್ಮ ಕಡೆ ನಡೆಯಲ್ಲ. ಒಬ್ಬರ ಜಾತಕ ಆಗಲೇ ಹೊರಗೆ ಹೋಗಿರಬಹುದು, ಇನ್ನೊಬ್ಬರು ದುಬೈಗೆ ಹೊರಟಿರಬಹುದು, ತುಳುವರಾದರೆ ಇಬ್ಬರದೂ ಒಂದೇ ಬಳಿ (ಗೋತ್ರದಂಥ ಕುಲ, ಒಂದೇ ಆದರೆ ಮದುವೆ ಮಾಡಲ್ಲ) ಆಗಿರಬಹುದು. ಬೇಗ ಕೇಳಿಬಿಡಿ. ಧರ್ಮ ಬೇರೆಯಾಗಿದ್ದು ಇಬ್ಬರೂ ಗಟ್ಟಿಯಾಗಿದ್ದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಆ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ. ಆ ಒಂದು ತಿಂಗಳು ಎಲ್ಲಿರುತ್ತೀರಿ, ಜೊತೆಗೆ ಯಾರಿರುತ್ತಾರೆ ಎನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ.

ಹಾಗಂತ ಎಲ್ಲವನ್ನೂ ಬಿಸಾಡಬೇಕಿಲ್ಲ. 1950ರಲ್ಲಿ ಪ್ರಕಟವಾದ, ಮನಃಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತಿತರರ ಅಧ್ಯಯನದಲ್ಲಿ, ಅಮೆರಿಕದ ಒಂದು ವಿದ್ಯಾರ್ಥಿ ವಸತಿಯಲ್ಲಿ ಹತ್ತಿರದ ಬಾಗಿಲಿನವರೇ ಜಾಸ್ತಿ ಗೆಳೆಯರಾಗಿದ್ದರು. ದಿನಾ ಕಂಡ ಮುಖಕ್ಕೆ ಸಲಿಗೆ ಬೆಳೆಯುತ್ತದೆ, ಇದು ನಮಗೂ ಹೊಂದುತ್ತದೆ. ಯಕ್ಷಗಾನ ತರಗತಿ, ಚರ್ಚಿನ ಹಾಡಿನ ತಂಡ, ಶಟಲ್ ಕೋರ್ಟು, ದೇವಸ್ಥಾನದ ಬ್ರಹ್ಮಕಲಶ ಉತ್ಸವದ ಸ್ವಯಂಸೇವಕರ ಗುಂಪು, ಹೀಗೆ ಅದೇ ಜನ ಮತ್ತೆ ಮತ್ತೆ ಸಿಗುವ ಒಂದು ಜಾಗಕ್ಕೆ ಕೆಲವು ತಿಂಗಳು ಹೋಗಿ. ಚಪ್ಪರದಡಿ ಸಾರಿನ ಬಕೆಟ್ ಹಿಡಿದು ಸಾಲಿನ ಕೊನೆಯ ಅಜ್ಜಿಯ ಹತ್ತಿರವೂ ಬಗ್ಗಿ 'ಇನ್ನು ಸ್ವಲ್ಪ ಹಾಕ್ಲಾ' ಎಂದು ಕೇಳುವವರು ಯಾರು, ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಮಾಯವಾಗುವವರು ಯಾರು, ಅಲ್ಲಿ ಗೊತ್ತಾಗುತ್ತದೆ. ಪ್ರೊಫೈಲ್ ಫೋಟೋದಲ್ಲಿ ಗೊತ್ತಾಗಲ್ಲ.

ಯಾರಿಗೂ ಹೊಂದದ ಸಲಹೆ ಒಂದಿದೆ: 'ಬೇಡ ಅಂದರೂ ಬೆನ್ನು ಬಿಡಬೇಡಿ, ಒಂದಲ್ಲ ಒಂದು ದಿನ ಒಪ್ಪುತ್ತಾರೆ'. ಹುಡುಗಿ ಬೇಡ ಎಂದ ಮೇಲೂ ಹಿಂಬಾಲಿಸುವುದು, ಮೇಲಿಂದ ಮೇಲೆ ಸಂಪರ್ಕಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲವೇ 3 ವರ್ಷದವರೆಗೆ ಜೈಲಾಗಬಹುದು. ಒಂದೇ ಸಲ ಕೇಳಿ, ನೇರವಾಗಿ, ಅವರು ಎದ್ದು ಹೋಗಬಹುದಾದ ಜಾಗದಲ್ಲಿ. ಸಿಟಿ ಬಸ್ಸಿನ ಕಿಟಕಿ ಸೀಟಿನಲ್ಲಿ ಸಿಕ್ಕಿಕೊಂಡಿರುವಾಗ ಕೇಳಬೇಡಿ. ಇಲ್ಲ ಅಂದರೆ 'ಆಯ್ತು' ಅನ್ನಿ, ಗೆಳೆಯರ ಹತ್ತಿರ ಮತ್ತೆ ಹೇಳಿ ಕಳಿಸಬೇಡಿ, ಮುಂದಿನ ವಾರವೂ ಅವರು ಹೆದರದೆ ಅದೇ ತರಗತಿಗೆ ಬರುವ ಹಾಗೆ ನಡೆದುಕೊಳ್ಳಿ.