ಹಾಡಿನ ಅಭ್ಯಾಸ ರೆಕಾರ್ಡ್ ಮಾಡಲು ಯಾವ ಮೈಕ್?

ಹಾಡಿದ್ದನ್ನು ಮತ್ತೆ ಕೇಳಿ ತಿದ್ದಿಕೊಳ್ಳಲು ದುಬಾರಿ ಮೈಕ್ ಬೇಕಿಲ್ಲ. ಒಬ್ಬರೇ ಕೂತು ಹಾಡುವವರಿಗೆ ಬೋಯಾ ಬಿವೈ-ಎಂ1 ತರಹದ ಕಾಲರ್ ಮೈಕ್ ಸಾಕು. 6 ಮೀಟರ್ ವೈರ್ ಇರುತ್ತದೆ. ಫೋನಿಗೆ ಚುಚ್ಚಿದಾಗ ಅದರ ಸ್ವಿಚ್ ಫೋನ್ ಕಡೆಗೇ ಇರಲಿ. ನಾನೊಮ್ಮೆ ಕ್ಯಾಮೆರಾ ಕಡೆ ಬಿಟ್ಟು, ಒಂದು ಗಂಟೆಯ ಹಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯ್ತು!

ಪಿಟೀಲು, ಮೃದಂಗವೂ ಇದ್ದರೆ ಕಾಲರ್ ಮೈಕ್ ಬೇಡ. ಯಾರಿಗೆ ಸಿಕ್ಕಿಸುತ್ತೀರೋ ಅವರದ್ದೇ ಜಾಸ್ತಿ ಕೇಳಿಸುತ್ತದೆ, ಅಲ್ವಾ? ಜೂಮ್ ಎಚ್1ಎನ್ ಥರದ ಪುಟ್ಟ ರೆಕಾರ್ಡರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಿ. ಎರಡು ಮೈಕ್ ಅದರಲ್ಲೇ ಇವೆ, ಎರಡು ಎಎಎ ಸೆಲ್‌ನಲ್ಲಿ ಓಡುತ್ತದೆ.

ನನ್ನ ಪ್ರಕಾರ ಮೈಕ್‌ಗಿಂತ ಅದನ್ನು ಇಡುವ ಜಾಗ ಮುಖ್ಯ. ರೆಕಾರ್ಡರನ್ನು ಹಾಡುವವರಿಂದ 4–5 ಅಡಿ ದೂರ, ಕೂತವರ ಎದೆಮಟ್ಟಕ್ಕೆ ಇಡಿ. ಮೃದಂಗದಿಂದ ಇನ್ನೂ ಸ್ವಲ್ಪ ದೂರ. ನೆಲದ ಮೇಲಿಟ್ಟರೆ ಯಾರೋ ನಡೆದಾಡಿದ್ದೂ ಧಡ್ ಧಡ್ ಅಂತ ಬರುತ್ತದೆ. ಸ್ಟ್ಯಾಂಡ್ ಇಲ್ಲವೇ? ಸ್ಟೂಲ್ ಮೇಲೆ ಟವೆಲ್ ಮಡಚಿ ಇಡಿ.

ರೆಕಾರ್ಡರ್‌ನ ಆಟೋ ಲೆವೆಲ್ (ಸದ್ದಿನ ಮಟ್ಟವನ್ನು ತಾನೇ ಹೆಚ್ಚು-ಕಡಿಮೆ ಮಾಡುವುದು) ಆಫ್ ಮಾಡಿ. ಇಲ್ಲದಿದ್ದರೆ ಮೆಲ್ಲಗಿನ ಆಲಾಪನೆಯೂ ಜೋರಿನ ತನಿಯೂ (ಮೃದಂಗ ಒಂದೇ ನುಡಿಯುವ ಭಾಗ) ಒಂದೇ ಮಟ್ಟ. ಮೊದಲು ಮೃದಂಗ ಜೋರಾಗಿ ನುಡಿಸಿಸಿ, ಪರದೆಯ ಮೇಲಿನ ಸದ್ದಿನ ಮೀಟರ್ -12 ಡಿಬಿ (ಡೆಸಿಬೆಲ್) ಆಸುಪಾಸು ನಿಲ್ಲುವಂತೆ ನೋಡಿಕೊಳ್ಳಿ. ಫ್ಯಾನ್ ಆಫ್ ಮಾಡಿ. ಕುಕ್ಕರ್ ಸೀಟಿಗೆ ಮಾತ್ರ ನನಗಿನ್ನೂ ಮದ್ದು ಸಿಕ್ಕಿಲ್ಲ.